ಹ್ಯಾಂಡ್‌ಗನ್‌ಗೆ ಲಾಂಗ್ ಐ ರಿಲೀಫ್ ಸ್ಕೋಪ್: ಆರಿಸುವುದು, ಕೂರಿಸುವುದು, ಬಳಸುವುದು

ಅಮೆರಿಕದಲ್ಲಿ ರಿವಾಲ್ವರ್ ಹಿಡಿದು ಜಿಂಕೆ, ಕಾಡುಹಂದಿ ಶಿಕಾರಿಗೆ ಹೋಗುವವರ ದೊಡ್ಡ ಬಳಗವೇ ಇದೆ. ಅಲ್ಲಿ ನೆಲೆಸಿದ ನಮ್ಮವರಲ್ಲೂ ಕೆಲವರಿಗೆ ಈ ಹುಚ್ಚು ಹತ್ತಿದೆ. ಸ್ಕೋಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಪವರ್ ತಗೊಳ್ಳಲಿ?" ಅಂತ, ಅಂದರೆ ಗುರಿ ಎಷ್ಟು ಪಟ್ಟು ದೊಡ್ಡದಾಗಿ ಕಾಣಬೇಕು ಅಂತ. ಅದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ್ದು ಬೇರೆ ಇದೆ: ನಿಮ್ಮ ಕೈ ಎಷ್ಟು ಉದ್ದ?

ಐ ರಿಲೀಫ್ ಅಂದರೆ ಸ್ಕೋಪಿನ ಹಿಂದಿನ ಲೆನ್ಸಿಗೂ ನಿಮ್ಮ ಕಣ್ಣಿಗೂ ನಡುವೆ ಇರಬೇಕಾದ ದೂರ. ಸರಿಯಾದ ದೂರದಲ್ಲಿ ಕಣ್ಣಿಟ್ಟರೆ ಚಿತ್ರ ಅಂಚಿನವರೆಗೂ ತುಂಬಿಕೊಂಡು ಕಾಣುತ್ತದೆ. ಹತ್ತಿರ ಹೋದರೂ ಕಷ್ಟ, ದೂರ ಸರಿದರೂ ಕಷ್ಟ, ಸುತ್ತ ಕಪ್ಪು ಕವಿಯುತ್ತದೆ. ರೈಫಲ್ ಸ್ಕೋಪಿನಲ್ಲಿ ಈ ದೂರ 3ರಿಂದ 4 ಇಂಚು ಅಷ್ಟೇ. ಹ್ಯಾಂಡ್‌ಗನ್ ಅನ್ನು ತೋಳು ಚಾಚಿ ಹಿಡಿಯುತ್ತೇವಲ್ಲ, ಅದಕ್ಕೆ ಒಂದು ಮೊಳದಷ್ಟು, ಅಂದರೆ 18 ಇಂಚಿನ ಆಸುಪಾಸು ಬೇಕು. ಹ್ಯಾಂಡ್‌ಗನ್ ಸ್ಕೋಪ್‌ಗಳು ಸಾಮಾನ್ಯವಾಗಿ 12ರಿಂದ 24 ಇಂಚಿನ ನಡುವೆ ಎಲ್ಲೋ ಒಂದು ಕಡೆ ಕೆಲಸ ಮಾಡುತ್ತವೆ.

ಇವೆರಡರ ಮಧ್ಯೆ ಇನ್ನೊಂದು ಜಾತಿ ಇದೆ, ಸ್ಕೌಟ್ ಸ್ಕೋಪ್. ರೈಫಲ್ಲಿನ ಬ್ಯಾರೆಲ್ ಮೇಲೆ ಮುಂದಕ್ಕೆ ಕೂರಿಸಲು ಮಾಡಿದ್ದು, ಐ ರಿಲೀಫ್ ಸುಮಾರು 9ರಿಂದ 12 ಇಂಚು. ಅಂಗಡಿಯಲ್ಲಿ ಇದನ್ನೂ ಲಾಂಗ್ ಐ ರಿಲೀಫ್ ಅಂತಲೇ ಮಾರುತ್ತಾರೆ. ಬೆಲೆ ನೋಡಿ ಆಸೆಪಟ್ಟು ತಗೊಂಡರೆ ಮೊಣಕೈ ಮಡಚಿ ಪಿಸ್ತೂಲನ್ನು ಮುಖದ ಹತ್ತಿರ ತಂದು ಹೊಡೆಯಬೇಕಾಗುತ್ತದೆ. ಜೋರಾದ ರಿವಾಲ್ವರ್ ಗುಂಡಾದ .44 ಮ್ಯಾಗ್ನಮ್‌ನ ಒದೆತಕ್ಕೆ ಬಂದೂಕು ಹಣೆಗೇ ಬಡಿಯುತ್ತದೆ. ರೈಫಲ್ ಸ್ಕೋಪನ್ನು ಹ್ಯಾಂಡ್‌ಗನ್ ಮೇಲೆ ಹಾಕುವ ಯೋಚನೆ ಇದ್ದರೆ ಅದನ್ನಂತೂ ಈಗಲೇ ಬಿಟ್ಟುಬಿಡಿ. ಹುಬ್ಬು ಸೀಳುವುದು ಗ್ಯಾರಂಟಿ, ಕಣ್ಣೇ ಹೋದರೂ ಹೋಯಿತು.

ಮುಂದೆ ಹೋಗುವ ಮೊದಲು ಕಾನೂನಿನ ವಿಷಯ ಮುಗಿಸೋಣ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಬೆಂಗಳೂರಿನಲ್ಲಿ 10 ಮೀಟರ್, 25 ಮೀಟರ್ ಪಿಸ್ತೂಲ್ ಅಭ್ಯಾಸ ಮಾಡುವ ಹುಡುಗರಿಗೂ ಇದರ ಕೆಲಸವಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ಪಿಸ್ತೂಲ್ ಸ್ಪರ್ಧೆಗಳಲ್ಲಿ ಲೆನ್ಸಿಲ್ಲದ ತೆರೆದ ಸೈಟ್ ಮಾತ್ರ ನಡೆಯುತ್ತದೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ಅಲ್ಲೂ ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಇಲ್ಲೊಂದು ಸೂಕ್ಷ್ಮ ಇದೆ. ಟೆಕ್ಸಾಸಿನಲ್ಲಿ ಜಮೀನಿನ ಮಾಲೀಕ ಒಪ್ಪಿದರೆ ಖಾಸಗಿ ಜಾಗದಲ್ಲಿ ಕಾಡುಹಂದಿ ಹೊಡೆಯಲು 2019ರಿಂದ ಲೈಸೆನ್ಸ್ ಬೇಕಿಲ್ಲ. "ಹಾಗಾದರೆ ಲೈಸೆನ್ಸ್ ಯಾಕೆ" ಅಂತ ವೀಸಾದವರು ಸುಮ್ನೆ ಕೂತರೆ, ಆ ಫೆಡರಲ್ ವಿನಾಯಿತಿಯೇ ಕೈತಪ್ಪುತ್ತದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಲೆನೋವಿಲ್ಲ. ಯಾವ ಪ್ರಾಣಿಗೆ ಯಾವ ಹ್ಯಾಂಡ್‌ಗನ್, ಯಾವ ಗುಂಡು ಅನ್ನುವುದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಅದನ್ನು ಆಯಾ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಪುಸ್ತಕದಲ್ಲೇ ಓದಿಕೊಳ್ಳಿ. ಅನುಮಾನ ಇದ್ದರೆ ವಕೀಲರ ಫೀಸು ದಂಡಕ್ಕಿಂತ ಕಡಿಮೆ.

ಮೊದಲು ಅಳತೆ

ಬಂದೂಕಿನಲ್ಲಿ ಗುಂಡಿಲ್ಲ ಅಂತ ಎರಡು ಸಲ ನೋಡಿ. ರಿವಾಲ್ವರ್ ಆದರೆ ಸಿಲಿಂಡರ್ ತೆಗೆದು ಬೆರಳಿಟ್ಟು ನೋಡಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಆಮೇಲೆ ನೀವು ನಿಜಕ್ಕೂ ಹೇಗೆ ಹೊಡೆಯುತ್ತೀರೋ ಹಾಗೆ, ಎರಡೂ ಕೈಯಲ್ಲಿ ಹಿಡಿದು, ಸುರಕ್ಷಿತ ಗೋಡೆಯ ಕಡೆ ಗುರಿಯಿಡಿ. ಪಕ್ಕದಲ್ಲಿ ನಿಂತವರು ಟೇಪ್ ಹಿಡಿದು ನಿಮ್ಮ ಕಣ್ಣಿನಿಂದ ಸ್ಕೋಪಿನ ಹಿಂಭಾಗ ಬರುವ ಜಾಗದವರೆಗೆ ಅಳೆಯಲಿ. ನಿಂತು ಒಮ್ಮೆ, ಕೂತು ಒಮ್ಮೆ, ಮೇಜಿನ ಮೇಲೆ ಕೈಯೂರಿ ಒಮ್ಮೆ. ಮೂರೂ ಬೇರೆ ಬೇರೆ ಬರುತ್ತವೆ. ಮೇಜಿನ ಮೇಲೆ ಎಲ್ಲರೂ ಮೊಣಕೈ ಮಡಚುತ್ತಾರೆ, ಅಳತೆ ಕೆಲವು ಇಂಚು ಕಡಿಮೆಯಾಗುತ್ತದೆ. ನಿಮಗೆ ಬೇಕಾದ ಸ್ಕೋಪ್ ಈ ಮೂರು ಅಂಕಿಗಳನ್ನೂ ಒಳಗೆ ಹಿಡಿಸಿಕೊಳ್ಳುವಂಥದ್ದು.

ಬಂದೂಕಿನ ಮೇಲೆ ಸ್ಕೋಪ್ ಎಲ್ಲಿ ಕೂರುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರೂಗರ್ ಸೂಪರ್ ರೆಡ್‌ಹಾಕ್ ರಿವಾಲ್ವರಿನಲ್ಲಿ ಸ್ಕೋಪನ್ನು ಸುತ್ತಿ ಹಿಡಿಯುವ ರಿಂಗ್ ಕೂರುವ ಕಚ್ಚು ಫ್ರೇಮಿನಲ್ಲೇ ಇದೆ, ಸ್ಕೋಪ್ ಹಿಂದಕ್ಕೆ ಬರುತ್ತದೆ. ಅದೇ ಕಂಪನಿಯ ಸೂಪರ್ ಬ್ಲಾಕ್‌ಹಾಕ್ ಹಂಟರ್‌ನಲ್ಲಿ ಕಚ್ಚು ಬ್ಯಾರೆಲ್ ಪಟ್ಟಿಯ ಮೇಲಿದೆ, ಸ್ಕೋಪ್ ಮುಂದಕ್ಕೆ ಹೋಗುತ್ತದೆ. ಎರಡರ ನಡುವೆ ಕೆಲವು ಇಂಚಿನ ವ್ಯತ್ಯಾಸ. ಗೆಳೆಯನ ರಿವಾಲ್ವರಿನಲ್ಲಿ ಚೆನ್ನಾಗಿ ಕಂಡ ಸ್ಕೋಪ್ ನಿಮ್ಮದರಲ್ಲಿ ಕಪ್ಪಗೆ ಕಾಣಲು ಇಷ್ಟು ಸಾಕು. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನ ಕಥೆ ಬೇರೆ, ಅದರ ಸ್ಲೈಡ್ ಹಿಂದೆ ಮುಂದೆ ಓಡುತ್ತದೆ, ಅದರ ಮೇಲೆ ಉದ್ದದ ಸ್ಕೋಪ್ ಹಾಕಲು ಆಗುವುದಿಲ್ಲ. ರೂಗರ್ ಮಾರ್ಕ್ 4 ಥರದ .22 ಪಿಸ್ತೂಲುಗಳು ಇದಕ್ಕೆ ಹೊರತು. ಅವುಗಳ ಬೋಲ್ಟ್ ಒಳಗೇ ಓಡಾಡುತ್ತದೆ, ಮೇಲಿನ ರಿಸೀವರ್, ಅಂದರೆ ಹೊರಗಿನ ಕವಚ, ಅಲುಗುವುದಿಲ್ಲ. ಅಗ್ಗದ ಗುಂಡಿನಲ್ಲಿ ಸ್ಕೋಪ್ ಕಲಿಯಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈಗ ಪವರ್ ಬಗ್ಗೆ

ಜಾಸ್ತಿ ಪವರ್ ಬೇಡ. 2 ಅಥವಾ 2.5 ಪಟ್ಟು ಸಾಕು, 100 ಗಜದೊಳಗಿನ ಶಿಕಾರಿಗೆ ಅದಕ್ಕಿಂತ ಹೆಚ್ಚಿನದು ಅಡ್ಡಿಯೇ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಲೆನ್ಸ್ ಕಣ್ಣಿನಿಂದ ಒಂದು ಮೊಳ ದೂರದಲ್ಲಿದೆ. ಅಷ್ಟು ದೂರದ ಸಣ್ಣ ವೃತ್ತದೊಳಗೆ ಕಾಣುವ ಜಾಗ ಕಡಿಮೆ, ಬಾಗಿಲಿನಿಂದ ಹಿಂದೆ ಸರಿದು ನಿಂತು ಬೀಗದ ಕಿಂಡಿಯಲ್ಲಿ ಇಣುಕಿದ ಹಾಗೆ. ಪವರ್ ಏರಿಸಿದಷ್ಟೂ ಆ ಜಾಗ ಇನ್ನೂ ಕುಗ್ಗುತ್ತದೆ. 8 ಪಟ್ಟಿಗೆ ಏರಿಸಿದರೆ 100 ಗಜದಲ್ಲಿ ಕೆಲವೇ ಅಡಿ ಅಗಲ ಕಾಣುತ್ತದೆ, ಪೊದೆಯಿಂದ ಹೊರಟ ಹಂದಿಯನ್ನು ಅದರೊಳಗೆ ಹುಡುಕುವಷ್ಟರಲ್ಲಿ ಅದು ಆಚೆ ಊರು ಸೇರಿರುತ್ತದೆ.

ಎರಡನೆಯದು ಎಕ್ಸಿಟ್ ಪ್ಯೂಪಿಲ್, ಅಂದರೆ ಲೆನ್ಸಿನಿಂದ ಹೊರಬರುವ ಬೆಳಕಿನ ಕಂಬದ ದಪ್ಪ. ಮುಂದಿನ ಲೆನ್ಸಿನ ಮಿಲಿಮೀಟರನ್ನು ಪವರಿನಿಂದ ಭಾಗಿಸಿದರೆ ಸಿಗುತ್ತದೆ. 2×20 ಸ್ಕೋಪಿನಲ್ಲಿ (2 ಪವರ್, 20 ಮಿಲಿಮೀಟರ್ ಲೆನ್ಸ್) 10 ಮಿಲಿಮೀಟರ್. 2-7×32 ಸ್ಕೋಪನ್ನು 7ಕ್ಕೆ ತಿರುಗಿಸಿದರೆ 4.6 ಮಿಲಿಮೀಟರ್. ರೈಫಲ್ಲಿನಲ್ಲಿ ಕೆನ್ನೆ ಅದರ ಹಿಂಬದಿಯ ಮರದ ದಿಮ್ಮಿಗೆ ಒತ್ತಿರುತ್ತದೆ, ಕಣ್ಣು ಪ್ರತಿ ಸಲ ಅದೇ ಜಾಗಕ್ಕೆ ಬರುತ್ತದೆ. ಹ್ಯಾಂಡ್‌ಗನ್‌ನಲ್ಲಿ ಆ ಆಸರೆ ಇಲ್ಲ, ಇಡೀ ತಲೆಯನ್ನು ಗಾಳಿಯಲ್ಲಿ ಹೊಂದಿಸಬೇಕು. ಕಂಬ ದಪ್ಪಗಿದ್ದರೆ ಕಣ್ಣು ಅಲ್ಲಿ ಇಲ್ಲಿ ಸರಿದರೂ ಚಿತ್ರ ಉಳಿಯುತ್ತದೆ. ತೆಳ್ಳಗಿದ್ದರೆ ಕೂದಲೆಳೆ ತಪ್ಪಿದರೂ ಕತ್ತಲು. ಮೇಲಾಗಿ ಪವರ್ ಬದಲಿಸಬಹುದಾದ ಹಲವು ಸ್ಕೋಪ್‌ಗಳಲ್ಲಿ ಪವರ್ ಏರಿದಂತೆ ಐ ರಿಲೀಫ್ ಕೂಡ ಕಡಿಮೆಯಾಗುತ್ತಾ ಬರುತ್ತದೆ. ಅಂಗಡಿಯಲ್ಲಿ 2ರಲ್ಲಿ ನೋಡಿ ಖುಷಿಪಟ್ಟು ಬರಬೇಡಿ, ಅತಿ ಹೆಚ್ಚಿನ ಪವರಿನಲ್ಲಿಟ್ಟು ತೋಳು ಪೂರ್ತಿ ಚಾಚಿ ನೋಡಿ.

ಇನ್ನು ಕೈ ನಡುಕ. ಅದು ಎಲ್ಲರಿಗೂ ಇದ್ದದ್ದೇ. 2 ಪಟ್ಟಿನಲ್ಲಿ ಕಾಣದ ನಡುಕ 8ರಲ್ಲಿ ಭೂಕಂಪವಾಗುತ್ತದೆ, ಅದನ್ನು ನೋಡಿ ಗಾಬರಿಯಿಂದ ಟ್ರಿಗರ್ ಕಿತ್ತು ಎಳೆಯುತ್ತೀರಿ, ಗುಂಡು ಎಲ್ಲೋ.

ಹೆಚ್ಚಿನ ಪವರಿಗೆ ಒಂದು ಜಾಗ ಇದೆ. ಥಾಂಪ್ಸನ್ ಸೆಂಟರ್ ಕಂಟೆಂಡರ್ 1967ರಲ್ಲಿ ಬಂತು, ಅದಕ್ಕೂ ಮುಂಚೆ 1963ರಲ್ಲಿ ರೆಮಿಂಗ್ಟನ್ ಎಕ್ಸ್‌ಪಿ-100. ಇವು ರೈಫಲ್ ಥರದ ಗುಂಡು ಹಾರಿಸುವ ಒಂಟಿ ಗುಂಡಿನ ಪಿಸ್ತೂಲುಗಳು. ಇಂಥವನ್ನು ಚೀಲದ ಮೇಲೆ ಭದ್ರವಾಗಿ ಊರಿ 150, 200 ಗಜಕ್ಕೆ ಹೊಡೆಯುವವರಿಗೆ 2-7 ಅಥವಾ 2.5-8 ಸರಿ. ಕೈಯಲ್ಲಿ ಹಿಡಿದು ಓಡಾಡುವ ರಿವಾಲ್ವರಿಗೆ ಅಲ್ಲ.

ರೆಡ್ ಡಾಟ್, ಅಂದರೆ ಗಾಜಿನಲ್ಲಿ ಬರೀ ಕೆಂಪು ಚುಕ್ಕಿ ತೋರಿಸುವ ಸೈಟು, ಯಾಕಾಗಬಾರದು ಅಂತ ನೀವು ಕೇಳಬಹುದು. ಆಗಬಹುದು! 50, 60 ಗಜದೊಳಗೇ ನಿಮ್ಮ ಶಿಕಾರಿ ಮುಗಿಯುವುದಾದರೆ ನಾನು ಅದನ್ನೇ ಹೇಳುತ್ತೇನೆ. ಅದಕ್ಕೆ ಐ ರಿಲೀಫ್ ಗೊಡವೆಯೇ ಇಲ್ಲ, ಎರಡೂ ಕಣ್ಣು ತೆರೆದು ಹೊಡೆಯಬಹುದು. ಅದರ ಮಿತಿ ಏನಪ್ಪಾ ಅಂದರೆ 4 ಎಂಒಎ (ಕೋನದ ಅಳತೆ, ಒಂದು ಎಂಒಎ 100 ಗಜದಲ್ಲಿ ಸುಮಾರು ಒಂದು ಇಂಚು) ಚುಕ್ಕಿ 100 ಗಜದಲ್ಲಿ 4 ಇಂಚನ್ನು ಮುಚ್ಚಿಬಿಡುತ್ತದೆ, ಮತ್ತೆ ಚಿತ್ರ ದೊಡ್ಡದಾಗಿ ಕಾಣುವುದಿಲ್ಲ, ಮುಸ್ಸಂಜೆಯಲ್ಲಿ ಕೊಂಬೆ ಯಾವುದು ಕೊಂಬು ಯಾವುದು ಅಂತ ತಿಳಿಯುವುದಿಲ್ಲ.

ಚಾಳೀಸು ಬಂದವರಿಗೆ ಸ್ಕೋಪಿನ ಲಾಭ ಜಾಸ್ತಿ. ತೆರೆದ ಸೈಟಿನಲ್ಲಿ ಹಿಂದಿನ ಸೈಟು, ಮುಂದಿನ ಸೈಟು, ಗುರಿ ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ, ವಯಸ್ಸಾದ ಕಣ್ಣಿಗೆ ಮೂರಕ್ಕೂ ಒಟ್ಟಿಗೆ ಫೋಕಸ್ ಆಗುವುದಿಲ್ಲ. ಸ್ಕೋಪಿನಲ್ಲಿ ಅಡ್ಡಗೆರೆ, ಗುರಿ ಎರಡೂ ಒಂದೇ ಕಡೆ ಕಾಣುತ್ತವೆ. ಪ್ರೋಗ್ರೆಸಿವ್ ಕನ್ನಡಕ ಇದ್ದರೆ ದೂರ ನೋಡುವ ಮೇಲಿನ ಭಾಗದಿಂದಲೇ ನೋಡಿ. ಗೆರೆಯ ವಿಷಯದಲ್ಲಿ ಅಂಚು ದಪ್ಪಗಿದ್ದು ನಡುವೆ ತೆಳುವಾಗುವ ಡ್ಯುಪ್ಲೆಕ್ಸ್ ಸಾಕು, ಪೂರ್ತಿ ತೆಳುಗೆರೆ ಕಾಡಿನ ನೆರಳಲ್ಲಿ ಮಾಯವಾಗುತ್ತದೆ.

ಬ್ರಾಂಡ್ ವಿಷಯ ಎರಡೇ ಮಾತಲ್ಲಿ. ಲ್ಯೂಪೋಲ್ಡ್ 2×20, ಬರ್ರಿಸ್ 2-7×32 ಈ ಬಳಗದ ಹಳೆಯ ಹೆಸರುಗಳು. ನಿಕಾನ್ ಬಂದೂಕು ಸ್ಕೋಪಿನ ವ್ಯಾಪಾರವನ್ನೇ ಬಿಟ್ಟಿತು, ಸೆಕೆಂಡ್ ಹ್ಯಾಂಡ್ ಮಾಲು ಸಿಗುತ್ತದೆ. ಯಾವುದೇ ಕೊಂಡರೂ ಅದು ನಿಮ್ಮ ಕ್ಯಾಲಿಬರಿನ ಒದೆತ ತಡೆಯುತ್ತದೆ ಅಂತ ತಯಾರಕರೇ ಹೇಳಿರಬೇಕು. ಹ್ಯಾಂಡ್‌ಗನ್ ಹಗುರ, ಹಾಗಾಗಿ ಅದರ ಒದೆತ ರೈಫಲ್ಲಿಗಿಂತ ಚುರುಕು, ಅಗ್ಗದ ಸ್ಕೋಪಿನ ಒಳಗಿನ ಲೆನ್ಸುಗಳು ಸಡಿಲವಾಗಲು ಹೆಚ್ಚು ಸಮಯ ಬೇಕಿಲ್ಲ. ತೂಕದ ಸ್ಕೋಪು ಸ್ಕ್ರೂಗಳನ್ನು ಅಷ್ಟೇ ಜೋರಾಗಿ ಎಳೆಯುತ್ತದೆ. ಹಗುರವಾದದ್ದು ಉಳಿಯುತ್ತದೆ.

ಕೂರಿಸುವುದು

ಬೇಸ್ (ಬಂದೂಕಿನ ಮೇಲೆ ರಿಂಗುಗಳಿಗೆ ಹಾಕುವ ತಳಪಟ್ಟಿ) ಮತ್ತು ರಿಸೀವರಿನ ಸ್ಕ್ರೂ ತೂತುಗಳನ್ನು ಆಲ್ಕೋಹಾಲ್ ಹಾಕಿ ಒರೆಸಿ, ಎಣ್ಣೆ ಇರಬಾರದು. ಬೇಸ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಬೇಡ, ಆಮೇಲೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಬೇಸ್ ಬಿಗಿ ಎಷ್ಟಿರಬೇಕು ಅನ್ನುವುದನ್ನು ತಯಾರಕರು ಬರೆದಿರುತ್ತಾರೆ. ರಿಂಗ್ ಸ್ಕ್ರೂಗೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್. ಕೈ ಅಂದಾಜಿಗೆ ಬಿಡಬೇಡಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ಡ್ರೈವರ್ ಕೊಂಡುಕೊಳ್ಳಿ. ಅತಿ ಬಿಗಿದರೆ ಸ್ಕೋಪಿನ ಕೊಳವೆ ಜಜ್ಜಿಹೋಗುತ್ತದೆ.

ವೀವರ್, ಪಿಕಟಿನಿ ಅಂತ ಬೇಸಿನ ಕಚ್ಚುಗಳಲ್ಲಿ ಎರಡು ಮಾದರಿ ಇವೆ. ವೀವರ್ ರಿಂಗ್ ಪಿಕಟಿನಿ ರೈಲಿಗೆ ಸಾಮಾನ್ಯವಾಗಿ ಹಿಡಿಸುತ್ತದೆ, ಪಿಕಟಿನಿ ರಿಂಗ್ ವೀವರ್ ಬೇಸಿಗೆ ಹಿಡಿಸುವುದಿಲ್ಲ, ಅದರ ಅಡ್ಡಬೋಲ್ಟ್ ದಪ್ಪ. ಕೂರಿಸುವಾಗ ರಿಂಗುಗಳನ್ನು ಕಚ್ಚಿನೊಳಗೆ ಬಾಯಿಯ ಕಡೆಗೆ, ಅಂದರೆ ಮುಂದಕ್ಕೆ ದೂಡಿ ಬಿಗಿಯಬೇಕು. ಬಂದೂಕು ಹಿಂದಕ್ಕೆ ಒದ್ದಾಗ ಸ್ಕೋಪು ಇದ್ದಲ್ಲೇ ಇರಲು ನೋಡುತ್ತದೆ, ಬಂದೂಕಿನ ಲೆಕ್ಕದಲ್ಲಿ ಅದು ಮುಂದಕ್ಕೆ ಜಾರಿದಂತೆ. ಮೊದಲೇ ಮುಂದಿನ ಅಂಚಿಗೆ ಒತ್ತಿಕೊಂಡಿದ್ದರೆ ಜಾರಲು ಜಾಗವೇ ಇರುವುದಿಲ್ಲ. .44 ಮ್ಯಾಗ್ನಮ್‌ಗೆ ಎರಡು ಗಟ್ಟಿ ರಿಂಗ್ ನಡೆಯುತ್ತದೆ. ಅದಕ್ಕಿಂತ ಜೋರಾದ .454 ಕ್ಯಾಸುಲ್, .460, .500 ಸ್ಮಿತ್ ಅಂಡ್ ವೆಸನ್ ಗುಂಡಿನ ಬಂದೂಕು ಇದ್ದರೆ ಮೂರು ಹಾಕಿ.

ಸ್ಕ್ರೂ ಪೂರ್ತಿ ಬಿಗಿಯುವ ಮೊದಲು ಸ್ಕೋಪನ್ನು ಹಿಂದೆ ಮುಂದೆ ಸರಿಸಿ ನಿಮ್ಮ ಜಾಗ ಕಂಡುಕೊಳ್ಳಿ. ಕಣ್ಣು ಮುಚ್ಚಿ, ಬಂದೂಕು ಎತ್ತಿ ಗುರಿಯಿಡುವ ಭಂಗಿಗೆ ಬನ್ನಿ, ಕಣ್ಣು ಬಿಡಿ. ಪೂರ್ತಿ ವೃತ್ತ ಕಂಡರೆ ಸರಿ. ಕುತ್ತಿಗೆ ಚಾಚಬೇಕಾಗಿ ಬಂದರೆ ಸ್ಕೋಪು ತಪ್ಪು ಜಾಗದಲ್ಲಿದೆ. ಅಡ್ಡಗೆರೆ ನೆಟ್ಟಗಿದೆಯಾ ಅಂತ ನೋಡಿ. ಐಪೀಸಿನ ಫೋಕಸ್ ಹೊಂದಿಸಲು ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ಒಂದೆರಡು ಸೆಕೆಂಡು ಮಾತ್ರ ನೋಡಬೇಕು, ಜಾಸ್ತಿ ಹೊತ್ತು ದಿಟ್ಟಿಸಿದರೆ ಕಣ್ಣೇ ಅಡ್ಜಸ್ಟ್ ಮಾಡಿಕೊಂಡು ಮೋಸ ಮಾಡುತ್ತದೆ. ಸೂರ್ಯನ ಕಡೆ ಅಂತೂ ತಿರುಗಿಸಬೇಡಿ.

ರಿವಾಲ್ವರಿನವರು ಇನ್ನೆರಡು ನೋಡಿಕೊಳ್ಳಬೇಕು. ಸ್ಕೋಪು ತಗ್ಗಾಗಿ ಕೂತರೆ ಹ್ಯಾಮರ್ ಎಳೆಯಲು ಹೆಬ್ಬೆರಳು ಹೋಗುವುದಿಲ್ಲ, ಪಕ್ಕಕ್ಕೆ ಚಾಚುವ ಹ್ಯಾಮರ್ ಎಕ್ಸ್‌ಟೆನ್ಷನ್ ಹಾಕಿಸಿ. ಹೆಬ್ಬೆರಳು ಜಾರಿ ಹ್ಯಾಮರ್ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಇನ್ನೊಂದು, ಸಿಲಿಂಡರಿಗೂ ಬ್ಯಾರೆಲಿಗೂ ನಡುವಿನ ಸಂದಿನಿಂದ ಬಿಸಿ ಗ್ಯಾಸು, ಮಸಿ ಚಿಮ್ಮುತ್ತದೆ. ಸ್ಕೋಪಿನ ಹೊಟ್ಟೆ ಕಪ್ಪಾಗುತ್ತದೆ. ಅಲ್ಲಿ ಒಂದು ಸುತ್ತು ಟೇಪ್ ಅಂಟಿಸಿದರೆ ಬಣ್ಣ ಉಳಿಯುತ್ತದೆ. ಅದೇ ಸಂದಿನ ಹತ್ತಿರ ಎಡಗೈ ಬೆರಳು ಯಾವತ್ತೂ ಬರಕೂಡದು. .460, .500ರಲ್ಲಿ ಬೆರಳೇ ಹಾರಿಹೋಗುವಷ್ಟು ಒತ್ತಡ ಅಲ್ಲಿರುತ್ತದೆ.

ಝೀರೋ ಮಾಡುವುದು

ಝೀರೋ ಮಾಡುವುದು ಅಂದರೆ ಅಡ್ಡಗೆರೆ ಇಟ್ಟ ಜಾಗಕ್ಕೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. ಕಂಟೆಂಡರಿನಂಥ, ನಡುವೆ ಮಡಚಿ ತೆರೆಯುವ ಬಂದೂಕಿದ್ದರೆ ಬ್ಯಾರೆಲ್ ತೆರೆದು ಹಿಂದಿನಿಂದ ನಳಿಗೆಯೊಳಗೆ ಗುರಿ ನೋಡಿ, ಅಡ್ಡಗೆರೆಯನ್ನೂ ಅಲ್ಲಿಗೆ ತನ್ನಿ. ರಿವಾಲ್ವರಿನಲ್ಲಿ ಇದು ಆಗುವುದಿಲ್ಲ, ಹಿಂದೆ ಫ್ರೇಮ್ ಅಡ್ಡ ಇದೆ. ನಳಿಗೆ ನೋಡುವ ದಿಕ್ಕನ್ನು ಬೆಳಕಿನ ಚುಕ್ಕಿಯಲ್ಲಿ ತೋರಿಸುವ ಲೇಸರ್ ಬೋರ್‌ಸೈಟರ್ ಬಳಸಿ, ಇಲ್ಲವೇ ದೊಡ್ಡ ಕಾಗದ ಕಟ್ಟಿ 25 ಗಜದಿಂದ ಶುರು ಮಾಡಿ.

ಅಡ್ಡಗೆರೆ ಸರಿಸುವ ತಿರುಪಿನ ಕ್ಲಿಕ್ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ಕಾಲು ಎಂಒಎ ಅಂತ ಬರೆದಿದ್ದರೆ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಸುಮಾರು ಕಾಲು ಇಂಚು, 50ರಲ್ಲಿ ಅರೆಕಾಲು, 25ರಲ್ಲಿ ಅದರರ್ಧ. ಅಂದರೆ 25 ಗಜದಲ್ಲಿ ಗುಂಡು 3 ಇಂಚು ಕೆಳಗೆ ಬಿದ್ದರೆ ಮೇಲಕ್ಕೆ 48 ಕ್ಲಿಕ್. ನಾಲ್ಕೈದು ತಿರುಗಿಸಿ "ಏನೂ ಆಗ್ಲಿಲ್ಲ, ಸ್ಕೋಪ್ ಕೆಟ್ಟಿದೆ" ಅನ್ನುವವರು ಬಹಳ. ಒಂದೇ ಗುಂಡು ನೋಡಿ ತಿರುಗಿಸಬೇಡಿ. ಮೂರು ಹೊಡೆಯಿರಿ, ಅವುಗಳ ನಡುವನ್ನು ಹಿಡಿಯಿರಿ, ಆಮೇಲೆ ತಿರುಗಿಸಿ.

ಊರುವ ರೀತಿ ರೈಫಲ್ಲಿಗಿಂತ ಬೇರೆ. ಗುಂಡು ನಳಿಗೆ ಬಿಡುವ ಮೊದಲೇ ಹ್ಯಾಂಡ್‌ಗನ್ ಮೇಲೇಳಲು ಶುರು ಮಾಡಿರುತ್ತದೆ, ಹಾಗಾಗಿ ಹಿಡಿತ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಬ್ಯಾರೆಲನ್ನು ಗಟ್ಟಿ ವಸ್ತುವಿನ ಮೇಲೆ ಇಡಬೇಡಿ. ಮುಂಗೈ, ಮಣಿಕಟ್ಟು ಮರಳಿನ ಚೀಲದ ಮೇಲಿರಲಿ, ಕಾಡಿನಲ್ಲಿ ಹೇಗೆ ಹಿಡಿಯುತ್ತೀರೋ ಅಷ್ಟೇ ಬಿಗಿಯಾಗಿ ಹಿಡಿಯಿರಿ. ಕಿವಿಗೆ ಪ್ಲಗ್ ಹಾಕಿ ಅದರ ಮೇಲೆ ಮಫ್ ಕೂಡ ಹಾಕಿ, ಮ್ಯಾಗ್ನಮ್ ಸದ್ದಿಗೆ ಒಂದು ಸಾಲದು. ಕಣ್ಣಿಗೆ ಕನ್ನಡಕ.

25ರಲ್ಲಿ ಸರಿಹೋದ ಮೇಲೆ 50ಕ್ಕೆ, ಆಮೇಲೆ 100ಕ್ಕೆ ಹೋಗಿ. .44 ಮ್ಯಾಗ್ನಮ್‌ನಲ್ಲಿ 240 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 1,300 ಅಡಿ ವೇಗದಲ್ಲಿ ಹೊರಡುತ್ತದೆ ಅಂತಿಟ್ಟುಕೊಳ್ಳಿ. 100 ಗಜಕ್ಕೆ ಝೀರೋ ಮಾಡಿದರೆ 50ರಲ್ಲಿ ಎರಡು ಮೂರು ಇಂಚು ಮೇಲೆ ಬೀಳುತ್ತದೆ, 150ರಲ್ಲಿ ಹತ್ತು ಇಂಚಿನ ಆಸುಪಾಸು ಕೆಳಗೆ. 150 ಗಜದ ಜಿಂಕೆಗೆ ಅಂದಾಜಿನ ಗುಂಡು ಹಾರಿಸಬಾರದು ಅನ್ನುವುದಕ್ಕೆ ಇಷ್ಟೇ ಸಾಕು. ನಿಮ್ಮ ಗುಂಡಿನ ಅಂಕಿಗಳನ್ನು ನೀವೇ ಕಾಗದದ ಮೇಲೆ ಹೊಡೆದು ಕಂಡುಕೊಂಡು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಪ್ಯಾರಲ್ಯಾಕ್ಸ್, ಅಂದರೆ ಕಣ್ಣು ಸರಿದಾಗ ಗೆರೆಯೂ ಗುರಿಯಿಂದ ಸರಿದಂತೆ ಕಾಣುವುದು, ಅದನ್ನೂ ಇಲ್ಲೇ ನೋಡಿಬಿಡಿ. ಖಾಲಿ ಬಂದೂಕನ್ನು ಚೀಲದ ಮೇಲೆ ಅಲುಗದಂತಿಟ್ಟು ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಗುರಿಯ ಮೇಲೆ ಗೆರೆ ಓಡಾಡಿದಂತೆ ಕಂಡರೆ ಆ ದೂರದಲ್ಲಿ ಪ್ಯಾರಲ್ಯಾಕ್ಸ್ ಇದೆ. ಹ್ಯಾಂಡ್‌ಗನ್ ಸ್ಕೋಪಿನಲ್ಲಿ ಇದನ್ನು ತಿದ್ದುವ ತಿರುಪು ಸಾಮಾನ್ಯವಾಗಿ ಇರುವುದಿಲ್ಲ, ಕಾರ್ಖಾನೆಯಲ್ಲೇ ಒಂದು ದೂರಕ್ಕೆ ಕೂರಿಸಿರುತ್ತಾರೆ. ಅದಕ್ಕೆ ಮದ್ದು ಒಂದೇ. ಸುತ್ತ ಕಪ್ಪು ಅಂಚು ಎಲ್ಲ ಕಡೆ ಸಮನಾಗಿ ಕಾಣುವಂತೆ ಕಣ್ಣನ್ನು ನಡುವಿಗೆ ತಂದು ಹೊಡೆಯುವುದು.

ಕಾಡಿನಲ್ಲಿ

ಗುರಿ ಸಿಗುತ್ತಿಲ್ಲ ಅನ್ನುವುದು ಎಲ್ಲರ ಮೊದಲ ದೂರು. ಸ್ಕೋಪಿನೊಳಗೆ ಪ್ರಾಣಿಯನ್ನು ಹುಡುಕಬೇಡಿ. ಕಣ್ಣು ಪ್ರಾಣಿಯ ಮೇಲೇ ಇರಲಿ, ಎರಡೂ ಕಣ್ಣು ತೆರೆದಿರಲಿ, ತಲೆ ಅಲ್ಲಾಡಿಸದೆ ಬಂದೂಕನ್ನು ಕಣ್ಣಿನ ಸಾಲಿಗೆ ಎತ್ತಿ ತನ್ನಿ. ಪವರ್ ಬದಲಿಸುವ ಸ್ಕೋಪಾದರೆ ಯಾವಾಗಲೂ ಅತಿ ಕಡಿಮೆಯಲ್ಲೇ ಇಟ್ಟುಕೊಂಡು ನಡೆಯಿರಿ. ಮನೆಯಲ್ಲಿ ಖಾಲಿ ಬಂದೂಕಿನಲ್ಲಿ ದಿನಾ ಸ್ವಲ್ಪ ಹೊತ್ತು ಇದನ್ನು ಮಾಡುತ್ತಾ ಬಂದರೆ ಕೈ ತಾನಾಗಿ ಕಲಿಯುತ್ತದೆ. ಪೊದೆಯಲ್ಲಿ ಅಲುಗುತ್ತಿರುವುದು ಏನು ಅಂತ ತಿಳಿಯಲು ಬೈನಾಕ್ಯುಲರ್ ಬಳಸಿ. ಸ್ಕೋಪಿನಲ್ಲಿ ನೋಡಿದರೆ ಬಂದೂಕಿನ ಬಾಯಿಯೂ ಆ ಕಡೆಗೇ ಇರುತ್ತದೆ, ಅಲ್ಲಿರುವುದು ಮನುಷ್ಯನಾಗಿದ್ದರೆ?

ನಿಂತು ಹೊಡೆಯುವುದನ್ನು ಕೊನೆಗಿಟ್ಟುಕೊಳ್ಳಿ. ಮರಕ್ಕೆ ಬೆನ್ನು ಕೊಟ್ಟು ಕೂತು ಮಂಡಿಗಳ ಮೇಲೆ ಕೈಯೂರುವುದು, ಶೂಟಿಂಗ್ ಸ್ಟಿಕ್ ಮೇಲೆ ಮುಂಗೈ ಇಡುವುದು, ಇವೆರಡರಲ್ಲಿ ಒಂದು ನಿಮ್ಮದಾಗಲಿ. 1976ರಲ್ಲಿ ಶುರುವಾದ ಐಎಚ್‌ಎಂಎಸ್‌ಎ ಅನ್ನುವ ಹ್ಯಾಂಡ್‌ಗನ್ ಸಂಘದ ಸಿಲೂಯೆಟ್ ಪಂದ್ಯಗಳಲ್ಲಿ ಕಬ್ಬಿಣದ ಕೋಳಿ, ಹಂದಿ, ಟರ್ಕಿ, ಟಗರುಗಳನ್ನು 50ರಿಂದ 200 ಮೀಟರ್‌ವರೆಗೆ ಹ್ಯಾಂಡ್‌ಗನ್‌ನಲ್ಲಿ ಉರುಳಿಸುತ್ತಾರೆ. ಅಲ್ಲಿ ಕ್ರೀಡ್‌ಮೋರ್ ಅನ್ನುವ ಭಂಗಿ ಉಂಟು, ನೆಲಕ್ಕೊರಗಿ ಬಂದೂಕನ್ನು ಕಾಲಿಗೆ ಆನಿಸಿ ಹೊಡೆಯುವುದು. ನೋಡಲು ವಿಚಿತ್ರ, ಆದರೆ ಬಂಡೆಯಂತೆ ನಿಲ್ಲುತ್ತದೆ. ರಿವಾಲ್ವರಿನಲ್ಲಿ ಇದನ್ನು ಮಾಡುವವರು ಸಂದಿನ ಬೆಂಕಿಯಿಂದ ಕಾಲು ಕಾಪಾಡಿಕೊಳ್ಳಲು ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಹತ್ತಿರದಲ್ಲಿ ಇಂಥ ಪಂದ್ಯ ನಡೆದರೆ ಹೋಗಿ ನೋಡಿ.

ಪ್ರತಿ ಶಿಕಾರಿಗೆ ಮುಂಚೆ ಸ್ಕ್ರೂ ಬಿಗಿ ನೋಡಿ, ಕಾರಿನಲ್ಲಿ ದೂರ ಹೋಗಿದ್ದರೆ ಎರಡು ಗುಂಡು ಕಾಗದಕ್ಕೆ ಹೊಡೆದು ಝೀರೋ ಉಳಿದಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಲೆನ್ಸನ್ನು ಅಂಗಿಯ ತುದಿಯಲ್ಲಿ ಒರೆಸಬೇಡಿ, ಮೊದಲು ಧೂಳು ಊದಿ ಆಮೇಲೆ ಲೆನ್ಸ್ ಬಟ್ಟೆ. ಊರಿಗೆ ಬರುವಾಗ "ಬರೀ ಸ್ಕೋಪ್ ತಾನೇ" ಅಂತ ಯಾರಿಗೋ ಕೊಡಲು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ. ಬಂದೂಕಿನ ಸ್ಕೋಪುಗಳು ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿವೆ, ಬಂದೂಕಿಲ್ಲದೆ ಸ್ಕೋಪು ಮಾತ್ರ ಒಯ್ದರೂ ಆ ನಿಯಮ ತಪ್ಪುವುದಿಲ್ಲ.